ಮೂರು ಕ್ಯಾಮೆರಾ, ಮೂರು ಕೆಂಪು: ಹರಕೆ ಆಟದ ವಿಡಿಯೋಗೆ ಬಣ್ಣ ಹೊಂದಿಸಿದ ಕಥೆ

ಫೆಬ್ರವರಿಯಲ್ಲಿ ಮಾವನ ಮನೆಯ ಗದ್ದೆಯಲ್ಲಿ ಹರಕೆ ಆಟ, ಅಂದರೆ ಹರಕೆ ಹೊತ್ತು ಆಡಿಸುವ ಯಕ್ಷಗಾನ, ಆಯಿತು. ಅದರ ವಿಡಿಯೋ ಅವರ ಕೈಗೆ ಕೊಟ್ಟದ್ದು ಜೂನ್ ಎರಡನೇ ವಾರ. ಈ ನಾಲ್ಕು ತಿಂಗಳಲ್ಲಿ ಎಡಿಟಿಂಗಿಗೆ ಹಿಡಿದದ್ದು ಬರೀ ಆರು ದಿನ. ಉಳಿದದ್ದೆಲ್ಲ ಬಣ್ಣಕ್ಕೆ ಹೋಯಿತು. ಒಂದೇ ಆಟ ಮೂರು ಕ್ಯಾಮೆರಾದಲ್ಲಿ ಮೂರು ಬಣ್ಣವಾಗಿ ಬಂದಿತ್ತು. ಬಿಸಿ ಆರುವ ಮೊದಲು ಬರೆದಿಡುತ್ತಿದ್ದೇನೆ. "ನಿನ್ನತ್ರ ಕ್ಯಾಮೆರಾ ಉಂಟಲ್ಲ, ಸುಮ್ನೆ ಒಂದು ಶೂಟಿಂಗ್ ಮಾಡಿಬಿಡು" ಅಂತ ನಾಳೆ ನಿಮಗೂ ಯಾರಾದರೂ ಹೇಳಬಹುದು.

ಊರು ಪುತ್ತೂರಿನ ಹತ್ತಿರ. ಮಾವ ಹರಕೆ ಹೇಳಿಕೊಂಡು ವರ್ಷಗಳೇ ಆಗಿದ್ದವು, ಮೇಳದಲ್ಲಿ ದಿನ ಸಿಕ್ಕಿದ್ದು ಈ ಸಲ. ಈಗ ಹೆಚ್ಚಿನ ಕಡೆ ಕಾಲಮಿತಿ ಆಟ, ನಡುರಾತ್ರಿಗೆ ಮಂಗಳ ಹಾಡಿ ಮುಗಿಸುತ್ತಾರೆ. ಇದು ಇಡೀ ರಾತ್ರಿಯ ಆಟ. "ಇನ್ನೊಂದು ಆಟ ಆಡಿಸುವಾಗ ನಾನಿರ್ತೇನೋ ಇಲ್ವೋ, ಸರಿಯಾಗಿ ತೆಗಿ ಮಾರಾಯ" ಅಂದರು ಮಾವ. ಆ ಮಾತು ನಾಲ್ಕು ತಿಂಗಳೂ ತಲೆಯ ಮೇಲೆ ಕೂತಿತ್ತು.

ನನ್ನದು ಸೋನಿ ಎ7 ಮಾರ್ಕ್ 3. ಅದನ್ನು ರಂಗಸ್ಥಳದ ಎದುರು ನಡುವಿಗೆ ಇಟ್ಟೆ. ಅಕ್ಕನ ಮಗನದ್ದು ಕ್ಯಾನನ್ 80ಡಿ, ಅದು ಬದಿಯಿಂದ ಹಾಡುವ ಭಾಗವತರು, ಚೆಂಡೆ ಮದ್ದಳೆಯವರು ಕೂರುವ ಹಿಮ್ಮೇಳಕ್ಕೂ ವೇಷಗಳ ಮುಖಕ್ಕೂ. ಮೂರನೆಯದು ವೇಷ ಕಟ್ಟುವ ಚೌಕಿಯಲ್ಲಿ ಬಣ್ಣ ಹಚ್ಚುವುದನ್ನು ತೆಗೆಯಲು ಒಂದು ಫೋನ್. ವೈಟ್ ಬ್ಯಾಲೆನ್ಸ್ ಅಂದರೆ ಯಾವ ಬೆಳಕಿನಲ್ಲೂ ಬಿಳಿ ಬಿಳಿಯಾಗಿಯೇ ಕಾಣುವಂತೆ ಕ್ಯಾಮೆರಾ ಹೊಂದಿಸುವುದು. ಅದರ ಬಗ್ಗೆ ನನಗೆ ಗೊತ್ತಿದ್ದದ್ದು ಪುಸ್ತಕದ ಲೆಕ್ಕ. ಬೆಳಕಿನ ಬಣ್ಣಕ್ಕೆ ಅಳತೆ ಕೆಲ್ವಿನ್, ಕಡಿಮೆಯಾದರೆ ಹಳದಿ, ಜಾಸ್ತಿಯಾದರೆ ನೀಲಿ. ಹ್ಯಾಲೊಜೆನ್ ಅಂದರೆ ಸುಮಾರು 3200 ಕೆಲ್ವಿನ್, ಹಗಲು ಬೆಳಕು ಅಂದರೆ 5600, ನಡುವೆ ಎಲ್ಲೋ ಒಂದು ನಂಬರ್ ಇಟ್ಟರಾಯಿತು. ರಂಗಸ್ಥಳದ ಲೈಟ್ ಹಾಕಿದಾಗ ಸ್ಕ್ರೀನ್ ನೋಡಿಕೊಂಡು ಸೋನಿಯಲ್ಲಿ 4000 ಇಟ್ಟೆ. ಚಂದ ಕಂಡಿತು. ಅಕ್ಕನ ಮಗನಿಗೆ "ಫೋಕಸ್ ನೋಡ್ಕೋ, ಬ್ಯಾಟರಿ ನೋಡ್ಕೋ" ಅಂತ ನೂರು ಸಲ ಹೇಳಿದ್ದೆ. ವೈಟ್ ಬ್ಯಾಲೆನ್ಸ್ ಮಾತ್ರ ಹೇಳಲಿಲ್ಲ. ಅವನ ಕ್ಯಾಮೆರಾ ಇಡೀ ರಾತ್ರಿ ಆಟೋದಲ್ಲಿತ್ತು. ಫೋನ್ ಅಂತೂ ಆಟೋನೇ.

ಈ ಇಡೀ ಕಥೆಯ ತಪ್ಪು ಅಷ್ಟೇ. ಅದೂ ನನ್ನದೇ.

ಆ ರಾತ್ರಿಯ ಬೆಳಕು ಹೇಗಿತ್ತು ಅಂತ ಈಗ ಯೋಚಿಸಿದರೆ ನಗು ಬರುತ್ತದೆ. ಎದುರಿಂದ ಹ್ಯಾಲೊಜೆನ್. ಮೇಲಿಂದ ಬಿಳಿ ಎಲ್‌ಇಡಿ ಫ್ಲಡ್. ಎರಡೂ ಬದಿಯಲ್ಲಿ ಬಣ್ಣ ಬದಲಾಗುವ ಎಲ್‌ಇಡಿ ಪಾರ್ ಲೈಟು. ಚೆಂಡೆಯವರ ಹಿಂದೆ ಒಂದು ಟ್ಯೂಬ್‌ಲೈಟ್. ಅದು ಯಾರಿಗೆ ಬೇಕಿತ್ತೋ ದೇವರಿಗೇ ಗೊತ್ತು. ಮಹಿಷಾಸುರ ಜನರ ನಡುವಿಂದ ಸೂಟೆ, ಅಂದರೆ ಪಂಜು, ಹಿಡಿದುಕೊಂಡು, ರಾಳದ ಬೆಂಕಿ ಎಬ್ಬಿಸಿಕೊಂಡು ಬರುವಾಗ ಬೆಂಕಿಯ ಬೆಳಕು, ಅಂದರೆ 2000 ಕೆಲ್ವಿನ್ ಆಸುಪಾಸು. ಕೊನೆಗೆ ಬೆಳಗಿನ ಜಾವ ಮೂಡು ಬದಿಯ ತೋಟದ ಮೇಲಿಂದ ನೀಲಿ ಬೆಳಕು. ಮಂಗಳ ಹಾಡುವಾಗ ಲೈಟ್ ಹಾಕಿಯೇ ಇತ್ತು, ಸೂರ್ಯನೂ ಬಂದಿದ್ದ.

ಎಂಟೂವರೆ ಗಂಟೆ. 4ಕೆಯಲ್ಲಿ ಸೆಕೆಂಡಿಗೆ 60 ಮೆಗಾಬಿಟ್ ಇಟ್ಟರೆ ಗಂಟೆಗೆ 27 ಜಿಬಿ, ಸೋನಿ ಒಂದರದ್ದೇ 230 ಜಿಬಿ ಹತ್ತಿರ. ಎರಡೂ ಕ್ಯಾಮೆರಾ ಅರ್ಧ ಗಂಟೆಗೊಮ್ಮೆ ತಾನಾಗಿ ನಿಲ್ಲುತ್ತವೆ, ಮತ್ತೆ ಒತ್ತಬೇಕು. ಹಾಗಾಗಿ ಒಂದೊಂದರಲ್ಲಿ ಹದಿನೆಂಟು ಕ್ಲಿಪ್. ನಿದ್ದೆ ಇಲ್ಲ, ಚಾ ಮಾತ್ರ.

ಮರುದಿನ ಮಧ್ಯಾಹ್ನ ಎರಡು ಕ್ಯಾಮೆರಾದ ಒಂದೇ ಕ್ಷಣವನ್ನು ಲ್ಯಾಪ್‌ಟಾಪಿನಲ್ಲಿ ಪಕ್ಕಪಕ್ಕ ಇಟ್ಟೆ. ಸೋನಿಯಲ್ಲಿ ಭಾಗವತರ ಮುಂಡಾಸು ಇಟ್ಟಿಗೆ ಕೆಂಪು, ಕ್ಯಾನನ್‌ನಲ್ಲಿ ದಾಸವಾಳದ ಕೆಂಪು. ಸೋನಿಯಲ್ಲಿ ರಂಗಸ್ಥಳ ಬೆಚ್ಚಗೆ, ಕ್ಯಾನನ್‌ನಲ್ಲಿ ಆಸ್ಪತ್ರೆಯ ವಾರ್ಡಿನ ಹಾಗೆ ತಣ್ಣಗೆ. ಅತ್ತೆ ಹಿಂದಿನಿಂದ ಬಗ್ಗಿ ನೋಡಿ ಕೇಳಿದರು, "ಇದು ಬೇರೆ ದಿನದ ಆಟವಾ?"

ಇನ್ನೂ ಕೆಟ್ಟದ್ದು ಮುಂದೆ ಕಂಡಿತು. ಕ್ಯಾನನ್‌ನಲ್ಲಿ ಕೆಂಪು ವೇಷ ಒಂದು ಹತ್ತಿರ ಬಂದು ಫ್ರೇಮ್ ತುಂಬುತ್ತದೆ. ಆಟೋ ವೈಟ್ ಬ್ಯಾಲೆನ್ಸಿಗೆ ಅದು ವೇಷ ಅಂತ ಗೊತ್ತಾಗುತ್ತದಾ? "ಓಹೋ, ಬೆಳಕೇ ಕೆಂಪಾಯಿತು" ಅಂದುಕೊಂಡು ಕೆಂಪನ್ನು ಇಳಿಸುತ್ತದೆ. ಎರಡು ಮೂರು ಸೆಕೆಂಡಿನಲ್ಲಿ ಹಿಂದೆ ಕೂತ ಭಾಗವತರ ಮುಖ ಹಸಿರು ನೀಲಿ. ವೇಷ ಸುತ್ತು ತಿರುಗಿ ಆಚೆ ಹೋದರೆ ಮುಖಕ್ಕೆ ಮತ್ತೆ ಜೀವ ಬರುತ್ತದೆ. ಇಡೀ ರಾತ್ರಿ ಹೀಗೇ, ಭರತ ಇಳಿತದ ಹಾಗೆ.

ಮೊದಲ ವಾರ ನಾನು ಮಾಡಿದ್ದೆಲ್ಲ ವ್ಯರ್ಥ. ಎಡಿಟಿಂಗ್ ಮತ್ತು ಬಣ್ಣದ ತಂತ್ರಾಂಶ ಡಾವಿಂಚಿ ರಿಸಾಲ್ವ್‌ನ ಪುಕ್ಕಟೆ ಆವೃತ್ತಿ ಹಾಕಿಕೊಂಡೆ. ಈ ಕೆಲಸಕ್ಕೆ ಅದು ಧಾರಾಳ ಸಾಕು, ದುಡ್ಡು ಕೊಡುವ ಅಗತ್ಯ ಇಲ್ಲ. ಕ್ಲಿಪ್ಪಿನಿಂದ ಕ್ಲಿಪ್ಪಿಗೆ ಬಣ್ಣ ಹೊಂದಿಸುವ ಬಟನ್ ಇದೆ, ಒತ್ತಿದೆ. ಒಂದು ಶಾಟಿಗೆ ಸರಿಯಾಯಿತು, ಪಕ್ಕದ್ದಕ್ಕೆ ಕೆಟ್ಟಿತು. ರಾತ್ರಿ ಹನ್ನೊಂದರವರೆಗೆ ಕೂತು ಕಣ್ಣಂದಾಜಿನಲ್ಲಿ ಸರಿ ಮಾಡುತ್ತಿದ್ದೆ. ಬೆಳಿಗ್ಗೆ ನೋಡಿದರೆ ಎಲ್ಲವೂ ನೀಲಿಗೆ ತಿರುಗಿರುತ್ತಿತ್ತು. ನಾಲ್ಕು ದಿನ ಹೀಗಾಯಿತು. ಐದನೇ ದಿನ ಸಂಜೆ ಏಳಕ್ಕೆ ಸರಿಯಾಗಿ ಸ್ಕ್ರೀನ್ ಕಣ್ಣೆದುರೇ ಹಳದಿಯಾಯಿತು. ಲ್ಯಾಪ್‌ಟಾಪಿನ ನೈಟ್ ಲೈಟ್! ಕಣ್ಣಿಗೆ ಒಳ್ಳೆಯದು ಅಂತ ನಾನೇ ಯಾವಾಗಲೋ ಹಾಕಿಟ್ಟದ್ದು. ಬಣ್ಣದ ಕೆಲಸಕ್ಕೆ ಕೂರುವ ಮೊದಲು ಅದನ್ನು ತೆಗೆಯಿರಿ. ಬ್ರೈಟ್‌ನೆಸ್ ತಾನಾಗಿ ಬದಲಾಗುವುದನ್ನೂ ನಿಲ್ಲಿಸಿ. ನನ್ನ ಹಾಗೆ ನಾಲ್ಕು ರಾತ್ರಿ ಕಳೆಯಬೇಡಿ.

ಆಮೇಲೆ ಸೋತು ಪೇಟೆಯ ಒಂದು ಸ್ಟುಡಿಯೋಗೆ ಕೊಟ್ಟೆ. ಹದಿನಾರು ಸಾವಿರ ಹೇಳಿದರು, ನಾಲ್ಕು ಸಾವಿರ ಮುಂಗಡ. ಹತ್ತು ದಿನ ಅಂದದ್ದು ಮೂರು ವಾರ ಆಯಿತು. ಫೋನ್ ಮಾಡಿದರೆ "ಮದುವೆ ಸೀಸನ್ ಅಲ್ವಾ ಸರ್". ಕೊನೆಗೆ ಒಂದು ಗಂಟೆಯ ಸ್ಯಾಂಪಲ್ ಕೊಟ್ಟರು. ಮದುವೆ ವಿಡಿಯೋಗೆ ಹಾಕುವ ಅದೇ ಲುಕ್ ಹಾಕಿದ್ದರು. ಎಲ್ಲವೂ ಜೇನು ಬಣ್ಣ. ಎರಡು ಕ್ಯಾಮೆರಾದ ವ್ಯತ್ಯಾಸ ಹಾಗೇ ಇತ್ತು, ಎರಡರ ಮೇಲೂ ಒಂದೇ ಬೆಲ್ಲ ಸುರಿದ ಹಾಗೆ. ರಾಕ್ಷಸ ಪಾತ್ರದ ಬಣ್ಣದ ವೇಷದ ಮುಖದ ಮೇಲಿನ ಉಬ್ಬು ಚುಕ್ಕಿ, ಚಿಟ್ಟಿ ಅಂತಾರೆ, ಅಕ್ಕಿ ಹಿಟ್ಟು ಸುಣ್ಣ ಕಲಸಿ ಇಡುವಂಥದ್ದು, ಹಾಲು ಬಿಳಿ. ಅದು ಕೆನೆ ಬಣ್ಣಕ್ಕೆ ತಿರುಗಿತ್ತು. ಜಗಳ ಮಾಡಲಿಲ್ಲ. ಎರಡು ಸಾವಿರ ವಾಪಸ್ ಸಿಕ್ಕಿತು, ಹಾರ್ಡ್ ಡಿಸ್ಕ್ ಎತ್ತಿಕೊಂಡು ಬಂದೆ.

ಏಪ್ರಿಲ್ ಪೂರ್ತಿ ಕಲಿಯುವುದಕ್ಕೆ ಹೋಯಿತು. ಅಲ್ಲಿಯವರೆಗೆ ನಾನು ಕೆಲ್ವಿನ್ ಒಂದೇ ನೋಡುತ್ತಿದ್ದೆ. ಕೆಲ್ವಿನ್ ಎಳೆಯುವುದು ನೀಲಿ ಮತ್ತು ಹಳದಿ ನಡುವೆ ಮಾತ್ರ. ಟಿಂಟ್ ಅಂತ ಇನ್ನೊಂದಿದೆ, ಅದು ಹಸಿರು ಮತ್ತು ಮೆಜೆಂಟಾ ನಡುವೆ. ಅಗ್ಗದ ಎಲ್‌ಇಡಿ, ಟ್ಯೂಬ್‌ಲೈಟುಗಳ ಕಾಟ ಹೆಚ್ಚಾಗಿ ಇರುವುದು ಈ ಎರಡನೆಯದರಲ್ಲಿ. ಚೌಕಿಯ ಫೋನ್ ಕ್ಲಿಪ್ಪುಗಳಲ್ಲಿ ಇದು ಕೈಗೆ ಸಿಕ್ಕಿತು. ಒಬ್ಬರು ವೇಷಧಾರಿ ಕನ್ನಡಿ ಹಿಡಿದು ಕೂತಿದ್ದಾರೆ. ಕಡ್ಡಿಯ ತುದಿಯಿಂದ ಒಂದೊಂದೇ ಚಿಟ್ಟಿ ಇಡುತ್ತಿದ್ದಾರೆ, ಉಸಿರು ಬಿಗಿಹಿಡಿದು. ಮೂಗಿನಿಂದ ಕೆನ್ನೆಗೆ ಸಾಲು ಹೋಗುತ್ತದೆ, ಹಿಂದಿನ ಸಾಲು ಒಣಗುತ್ತಾ ಬೆಳ್ಳಗಾಗುತ್ತದೆ. ಆ ಬಿಳಿಯೆಲ್ಲ ಪಾಚಿ ಹಿಡಿದ ಹಾಗೆ ಕಾಣುತ್ತಿತ್ತು. ಕೆಲ್ವಿನ್ ಎಷ್ಟು ಎಳೆದರೂ ಹೋಗದ ಪಾಚಿ. ಟಿಂಟನ್ನು ಮೆಜೆಂಟಾ ಕಡೆಗೆ ಒಂದಿಷ್ಟು ಸರಿಸಿದೆ, ಅಷ್ಟೇ. ಹಚ್ಚಿದ ಅರದಾಳದ ಹಳದಿ, ಇಂಗಳೀಕದ ಕೆಂಪು, ಚಿಟ್ಟಿಯ ಬಿಳಿ ಮೂರೂ ಒಟ್ಟಿಗೆ ಎದ್ದು ಕೂತವು. ಮನೆಯಲ್ಲಿ ಎಲ್ಲರೂ ಮಲಗಿದ್ದರು, ಇಲ್ಲದಿದ್ದರೆ ಕೂಗುತ್ತಿದ್ದೆ.

ಆದರೆ ರಂಗಸ್ಥಳದ್ದು ಅಷ್ಟು ಸುಲಭ ಇರಲಿಲ್ಲ. ಯಕ್ಷಗಾನ ತೆಗೆಯುವವರಿಗೆ ಇಲ್ಲೊಂದು ವಿಶೇಷ ತೊಂದರೆ ಇದೆ. ಎಲ್ಲ ಪಾಠಗಳೂ ಹೇಳುವುದು ಒಂದೇ: ವೆಕ್ಟರ್‌ಸ್ಕೋಪಿನಲ್ಲಿ (ಬಣ್ಣ ಅಳೆದು ತೋರಿಸುವ ವೃತ್ತ) ಚರ್ಮದ ಬಣ್ಣದ ಗೆರೆ ಇದೆ, ಮುಖವನ್ನು ಆ ಗೆರೆಗೆ ತನ್ನಿ. ನಮ್ಮ ಕಲಾವಿದರ ಮುಖದಲ್ಲಿ ಚರ್ಮ ಎಲ್ಲಿ ಕಾಣುತ್ತದೆ? ಹಚ್ಚಿದ್ದೆಲ್ಲ ಬಣ್ಣ. ಆ ಮುಖವನ್ನು ಗೆರೆಗೆ ತಂದರೆ ವೇಷ ಹೋಗಿ ಮನುಷ್ಯ ಬರುತ್ತಾನೆ. ಬಣ್ಣ ಹಚ್ಚದ ಮುಖ ಇರುವುದು ಹಿಮ್ಮೇಳದಲ್ಲಿ ಮಾತ್ರ. ಹಾಗಾಗಿ ಭಾಗವತರ, ಮದ್ದಳೆಯವರ ಮುಖ ಇರುವ ಶಾಟ್‌ಗಳನ್ನು ಮೊದಲು ಹಿಡಿಯಿರಿ.

ಬಿಳಿಗೆ ಏನು ಹಿಡಿಯುವುದು? ಭಾಗವತರ ಪಂಚೆ ಇದೆಯಲ್ಲ ಅಂದುಕೊಂಡೆ. ಬಿಳಿ ಇದು ಅಂತ ತಂತ್ರಾಂಶಕ್ಕೆ ತೋರಿಸುವ ಡ್ರಾಪರ್ ತೆಗೆದು ಪಂಚೆಯ ಮೇಲೆ ಒತ್ತಿದೆ. ಇಡೀ ರಂಗಸ್ಥಳ ಹಳದಿಗೆ ವಾಲಿತು. ಮೂರು ಸಲ ಒತ್ತಿದೆ, ಮೂರು ಸಲವೂ ಹಾಗೇ. ಮನೆಯಲ್ಲಿ ಬಟ್ಟೆ ಒಣಗಿಸುವಾಗ ತಲೆಗೆ ಹೊಳೆಯಿತು: ನೀಲಿ! ಬಿಳಿ ಪಂಚೆಗೆ ಒಗೆದ ಮೇಲೆ ನೀಲಿ ಹಾಕುತ್ತಾರಲ್ಲ, ಕಣ್ಣಿಗೆ ಬೆಳ್ಳಗೆ ಕಾಣಲಿ ಅಂತ. ಕ್ಯಾಮೆರಾಗೆ ಅದು ತಿಳಿ ನೀಲಿಯೇ. ತಂತ್ರಾಂಶ ಆ ನೀಲಿಯನ್ನು ಬಿಳಿ ಮಾಡಲು ಹೋಗಿ ಉಳಿದದ್ದಕ್ಕೆಲ್ಲ ಹಳದಿ ಬಳಿಯುತ್ತಿತ್ತು. ಬಿಳಿ ಕಾಗದಕ್ಕೂ ಇದೇ ದೋಷ ಇದೆ. ಹೊಳಪಿಗೆ ಸೇರಿಸಿದ ವಸ್ತುವಿನಿಂದ ಬಿಸಿಲಿನಲ್ಲಿ ಅದು ನೀಲಿ ಬೀರುತ್ತದೆ. ಬಿಳಿ ಅಂತ ಕಂಡದ್ದೆಲ್ಲ ಬಿಳಿಯಲ್ಲ.

ಬೇಕಾದದ್ದು ಗ್ರೇ ಕಾರ್ಡ್. 420 ರೂಪಾಯಿಗೆ ತರಿಸಿದೆ, ಯಾವ ಬಣ್ಣದ ಕಡೆಗೂ ವಾಲದ ಬೂದು ಬಣ್ಣದ ಒಂದು ತುಂಡು. ಮನೆಯ ಮೇಜಿನ ಮೇಲಿಟ್ಟು ನೋಡಿದೆ. ಫೆಬ್ರವರಿಯ ರಾತ್ರಿ ಇದು ನನ್ನ ಬ್ಯಾಗಿನಲ್ಲಿ ಇದ್ದಿದ್ದರೆ! ಈಗ ತಂದು ಏನು ಉಪಯೋಗ?

ಉಪಯೋಗ ಇತ್ತು. ಅದೇ ಮೇಳ, ಅದೇ ರಂಗಸ್ಥಳ, ಅದೇ ಲೈಟು ಇನ್ನೂ ಊರೂರು ತಿರುಗುತ್ತಿತ್ತಲ್ಲ. ಇನ್ನೊಂದು ಆಟಕ್ಕೆ ಹೋಗಿ ಅದೇ ಬೆಳಕಿನಲ್ಲಿ ಎರಡೂ ಕ್ಯಾಮೆರಾದಲ್ಲಿ ಕಾರ್ಡ್ ತೆಗೆದರೆ, ಕ್ಯಾಮೆರಾ ಕ್ಯಾಮೆರಾ ನಡುವಿನ ವ್ಯತ್ಯಾಸ ಎಷ್ಟು ಅಂತಾದರೂ ಸಿಗುತ್ತದೆ. ಆದರೆ ದಿನ ಕಡಿಮೆ ಇತ್ತು. ಮೇ ಕೊನೆಗೆ ಪತ್ತನಾಜೆ, ಮೇಳದ ತಿರುಗಾಟ ಮುಗಿಯುವ ದಿನ. ಅಂದು ಗೆಜ್ಜೆ ಬಿಚ್ಚಿದರೆ ಮತ್ತೆ ಆಟ ಇಲ್ಲ, ನವೆಂಬರ್‌ವರೆಗೆ ಕಾಯಬೇಕು. ತಿರುಗಾಟದ ಪಟ್ಟಿ ಹಿಡಿದು ಕೂತೆ. ಮ್ಯಾನೇಜರಿಗೆ ಫೋನ್ ಮಾಡಿದೆ. "ಶೂಟಿಂಗ್ ಎಂತದ್ದಕ್ಕೆ? ಆಡಿಸುವವರ ಒಪ್ಪಿಗೆ ಬೇಕು" ಅಂದರು. ನ್ಯಾಯವೇ. ಆಟ ಆಡಿಸುವ ಮನೆಯವರ ನಂಬರ್ ಹುಡುಕಿ, ಹೋಗಿ, ವಿಷಯ ಹೇಳಿದೆ. "ಒಂದು ಬೂದು ಕಾರ್ಡಿನ ವಿಡಿಯೋ ತೆಗೆಯಲು ಬರುತ್ತೇನೆ" ಅಂದರೆ ಯಾರಿಗೆ ಅರ್ಥವಾಗುತ್ತದೆ? ಅಂತೂ ಒಪ್ಪಿದರು. ಆ ಸಂಜೆ ಗುಡುಗು ಮಳೆ. ಗದ್ದೆ ಕೆರೆಯಾಯಿತು, ಆಟವನ್ನು ಹಾಲ್‌ಗೆ ಹಾಕಿದರು, ಬೇರೆಯೇ ಲೈಟು. ವಾಪಸ್ ಬಂದೆ. ಎರಡನೇ ಸಲ ಇನ್ನೊಂದು ಊರು, ಮತ್ತೆ ಅದೇ ಒಪ್ಪಿಗೆಯ ಕಥೆ. ಪತ್ತನಾಜೆಗೆ ಒಂಬತ್ತು ದಿನ ಇತ್ತು. ಮಳೆ ಬರಲಿಲ್ಲ.

ಆಟ ಶುರುವಾಗುವ ಮೊದಲು ಲೈಟಿನವರ ಹತ್ತಿರ ಬೇಡಿಕೊಂಡು ಬಣ್ಣದ ಪಾರ್ ಆರಿಸಿ, ಹ್ಯಾಲೊಜೆನ್ ಮತ್ತು ಬಿಳಿ ಫ್ಲಡ್ ಮಾತ್ರ ಇಡಿಸಿದೆ. ಅಕ್ಕನ ಮಗ ರಂಗಸ್ಥಳದ ನಡುವೆ ಕಾರ್ಡ್ ಹಿಡಿದು ನಿಂತ. ಮಕ್ಕಳೆಲ್ಲ ಅದೇನೋ ಹೊಸ ವೇಷ ಅಂತ ನೋಡಿದರು. ಮೊದಲು ಎರಡೂ ಕ್ಯಾಮೆರಾದಲ್ಲಿ 4000 ಇಟ್ಟೆ. ಒಂದೇ ನಂಬರ್, ಒಂದೇ ಬೆಳಕು, ಒಂದೇ ಕಾರ್ಡ್. ಆದರೂ ಬೂದು ಬೇರೆ ಬೇರೆ! ನಂಬರ್ ಒಂದೇ ಇಟ್ಟರೆ ಬಣ್ಣ ಒಂದೇ ಅನ್ನುವ ನನ್ನ ನಂಬಿಕೆ ಅಲ್ಲಿಗೆ ಮುಗಿಯಿತು. ಒಂದೊಂದು ಕಂಪನಿಯ ಸೆನ್ಸರ್ ಮೇಲಿನ ಫಿಲ್ಟರ್ ಬೇರೆ, ಬಣ್ಣ ಕಟ್ಟುವ ಲೆಕ್ಕ ಬೇರೆ. ಆಮೇಲೆ ಎರಡರಲ್ಲೂ ಕಾರ್ಡ್ ತೋರಿಸಿ ಕಸ್ಟಮ್ ವೈಟ್ ಬ್ಯಾಲೆನ್ಸ್ ಮಾಡಿದೆ. ಸೋನಿ 3700 ತೋರಿಸಿತು, ಜೊತೆಗೆ ಮೆಜೆಂಟಾ ಕಡೆಗೆ ಒಂದಿಷ್ಟು. ಈಗ ಬೂದು ಎರಡರಲ್ಲೂ ಒಂದೇ. ಆದರೆ ಚೌಕಿಯಿಂದ ಕೇಳಿ ತಂದ ಕೆಂಪು ಸೀರೆಯ ತುಂಡು ಪಕ್ಕದಲ್ಲಿ ಹಿಡಿದರೆ ಕೆಂಪಿನಲ್ಲಿ ಇನ್ನೂ ವ್ಯತ್ಯಾಸ. ವೈಟ್ ಬ್ಯಾಲೆನ್ಸ್ ಬೂದನ್ನು ಸರಿ ಮಾಡುತ್ತದೆ, ಕೆಂಪಿಗೆ ಅದು ಜವಾಬ್ದಾರಿಯಲ್ಲ. ಹಾಗಾಗಿ ಸೀರೆಯನ್ನೂ ಎರಡರಲ್ಲೂ ತೆಗೆದುಕೊಂಡೆ. ಎಲ್ಲ ಸೇರಿ ಹದಿನೈದು ನಿಮಿಷ. ಬಂದ ಕೆಲಸ ಮುಗಿದಿತ್ತು, ಆದರೂ ಬೆಳಗಿನವರೆಗೆ ಕೂತು ಆಟ ನೋಡಿದೆ. ಕ್ಯಾಮೆರಾ ಇಲ್ಲದೆ ಆಟ ನೋಡದೆ ಎಷ್ಟು ಕಾಲವಾಗಿತ್ತೋ.

ಕಸ್ಟಮ್ ಮಾಡುವವರಿಗೆ ಎರಡು ಮಾತು. 80ಡಿಯಂಥ ಕ್ಯಾನನ್‌ಗಳಲ್ಲಿ ಕಾರ್ಡಿನ ಫೋಟೋ ತೆಗೆದು, ಮೆನುವಿನಲ್ಲಿ ಆ ಫೋಟೋ ಆರಿಸಿ, ಆಮೇಲೆ ವೈಟ್ ಬ್ಯಾಲೆನ್ಸನ್ನು ಕಸ್ಟಮ್ ಚಿಹ್ನೆಗೆ ಬದಲಿಸಬೇಕು. ಈ ಕೊನೆಯದನ್ನು ಮರೆತು "ಕೆಲಸ ಮಾಡ್ತಿಲ್ಲ" ಅನ್ನುವವರೇ ಜಾಸ್ತಿ, ನಾನೂ ಮರೆತಿದ್ದೆ. ಫೋನ್ ಬಳಸುವುದಾದರೆ ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಅನ್ನುವ ಪುಕ್ಕಟೆ ಆ್ಯಪ್‌ನಲ್ಲಿ ಕೆಲ್ವಿನ್, ಟಿಂಟ್ ಎರಡನ್ನೂ ಕೈಯಲ್ಲೇ ಇಡಬಹುದು. ಎಲ್ಲದರಲ್ಲೂ ಶಟರ್ 1/50 ಇರಲಿ. ನಮ್ಮ ಕರೆಂಟು 50 ಹರ್ಟ್ಜ್, ಅದಕ್ಕೆ ಹೊಂದದ ಶಟರ್ ಇಟ್ಟರೆ ಟ್ಯೂಬ್‌ಲೈಟ್ ಗೆರೆ ಗೆರೆಯಾಗಿ ಮಿನುಗುತ್ತದೆ.

ಮನೆಗೆ ಬಂದ ಮೇಲೆ ಕೆಲಸದ ಕ್ರಮ ಬದಲಿಸಿದೆ. ಮೊದಲು ಎಡಿಟ್ ಮುಗಿಸಿದೆ. ಎಂಟೂವರೆ ಗಂಟೆಯಲ್ಲಿ ಕ್ಯಾನನ್ ಬೇಕಾದದ್ದು ಎರಡು ಗಂಟೆಯಷ್ಟೇ. ಬೇಡದ್ದಕ್ಕೆಲ್ಲ ಬಣ್ಣ ಹೊಂದಿಸಿ ಮಾರ್ಚ್‌ನಲ್ಲಿ ಎಷ್ಟೋ ದಿನ ಹಾಳು ಮಾಡಿದ್ದೆ. ಸೋನಿಯನ್ನು ಯಜಮಾನ ಮಾಡಿದೆ, ಅದು ರಾತ್ರಿಯಿಡೀ 4000ದಲ್ಲಿ ಅಲುಗಾಡದೆ ನಿಂತಿತ್ತು. ಅದರ ಬಣ್ಣ ಪರಮ ಸತ್ಯ ಅಂತೇನಲ್ಲ, ಉಳಿದದ್ದು ಅದನ್ನು ಹೋಲಬೇಕು ಅಷ್ಟೇ. ಕ್ಯಾನನ್‌ನ ಎಲ್ಲ ಕ್ಲಿಪ್ಪುಗಳನ್ನು ಒಂದು ಗ್ರೂಪ್ ಮಾಡಿ, ಕಾರ್ಡ್ ಮತ್ತು ಸೀರೆಯಿಂದ ಸಿಕ್ಕ ವ್ಯತ್ಯಾಸವನ್ನು ಗ್ರೂಪಿಗೇ ಹಾಕಿದೆ. ಆಟೋ ಮಾಡಿದ ಭರತ ಇಳಿತವನ್ನು ಮಾತ್ರ ಒಂದೊಂದೇ ಕ್ಲಿಪ್ಪಿನಲ್ಲಿ ಕೀಫ್ರೇಮ್, ಅಂದರೆ ಇಲ್ಲಿಂದ ಬಣ್ಣ ಇಷ್ಟು ಬದಲಾಗಲಿ ಅನ್ನುವ ಗುರುತು, ಹಾಕಿ ಸರಿ ಮಾಡಿದೆ. ಇನ್ನೂರಕ್ಕೂ ಜಾಸ್ತಿ ಕೀಫ್ರೇಮ್. ಇದಕ್ಕೆ ಅಡ್ಡದಾರಿ ಇಲ್ಲ. ಪ್ರತಿ ಸಲ ಮೊದಲು ಬೆಳಕಿನ ಪ್ರಮಾಣ ಸರಿಮಾಡಿ, ಆಮೇಲೆ ಬಣ್ಣ. ಕತ್ತಲೆಯ ಶಾಟಿನಲ್ಲಿ ಕೆಂಪು ಯಾವತ್ತೂ ಬೇರೆಯಾಗಿಯೇ ಕಾಣುತ್ತದೆ.

ಕೆಲವು ಉಳಿಯಲಿಲ್ಲ. ಪಾರ್ ಲೈಟ್ ಬರೀ ಕೆಂಪು ಸುರಿಯುವಾಗ ಮಹಿಷಾಸುರನ ಮುಖದ ಕೆಂಪು ತುಂಬಿ ಒಡೆದಿತ್ತು, ಒಳಗಿನ ಗೆರೆಗಳೇ ಇಲ್ಲ. ಅಂಥ ಬೆಳಕಿಗೆ ವೈಟ್ ಬ್ಯಾಲೆನ್ಸ್ ಅನ್ನುವುದೇ ಇಲ್ಲ, ಬಿಟ್ಟುಬಿಟ್ಟೆ. ಎರಡೂ ಕ್ಯಾಮೆರಾದ ವಿಡಿಯೋ 8 ಬಿಟ್, ಅಂದರೆ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು ಮಾತ್ರ. ಜಾಸ್ತಿ ಎಳೆದರೆ ಬೆಳಗಿನ ಆಕಾಶ ಪಟ್ಟಿ ಪಟ್ಟಿಯಾಗುತ್ತದೆ.

ಆ ಬೆಳಗಿನದ್ದೇ ಕೊನೆಯ ತಲೆನೋವು. ಸೋನಿಯಲ್ಲಿ ಬೆಳಕು ಹರಿಯುವ ಹೊತ್ತಿನಿಂದ ಆಚೆ ಕಿರೀಟಗಳ ಅಂಚಿಗೆ ಮೆಲ್ಲ ನೀಲಿ ಹತ್ತುತ್ತದೆ. ಕ್ಯಾನನ್‌ನ ಆಟೋ ಅದನ್ನು ಒರೆಸಿ ಹಾಕಿತ್ತು. ಎಲ್ಲರೂ ನೀಲಿ ತೆಗೆಯಲು ಒದ್ದಾಡಿದರೆ, ನಾನು ಎರಡು ದಿನ ಕೂತು ಕ್ಯಾನನ್‌ಗೆ ನೀಲಿ ವಾಪಸ್ ತುಂಬಿದೆ. ಇಡೀ ರಾತ್ರಿ ಆಟ ನೋಡಿದವರಿಗೆ ಗೊತ್ತು, ಆ ಹೊತ್ತಿಗೆ ಚಳಿ ಹಿಡಿಯುತ್ತದೆ, ವೇಷದ ಬಣ್ಣ ಸ್ವಲ್ಪ ಸೋತ ಹಾಗೆ ಕಾಣುತ್ತದೆ. ಅದು ಹೋದರೆ ಆಟದ ಅರ್ಧ ಹೋದ ಹಾಗೆ.

ಖರ್ಚು ಅಂತ ನೋಡಿದರೆ ಸ್ಟುಡಿಯೋದಲ್ಲಿ ಕಳೆದ ಎರಡು ಸಾವಿರ, ಕಾರ್ಡಿಗೆ 420, ಎರಡು ಸಲದ ಪೆಟ್ರೋಲಿಗೆ ಏಳುನೂರು, ಆಫೀಸಿಗೆ ಮೂರು ದಿನ ರಜೆ.

ಜೂನ್‌ನಲ್ಲಿ ಜೋರು ಮಳೆಯ ಒಂದು ಸಂಜೆ ಪೆನ್‌ಡ್ರೈವ್ ತೆಗೆದುಕೊಂಡು ಹೋದೆ. ಮಾವ ಟಿವಿಗೆ ಚುಚ್ಚಿದರು. ಟಿವಿ ವಿವಿಡ್ ಮೋಡ್‌ನಲ್ಲಿತ್ತು. ಕೆಂಪು ಕುಂಕುಮದ ಗುಡ್ಡೆಯ ಹಾಗೆ ಉರಿಯುತ್ತಿತ್ತು, ನೀಲಿ ಇನ್ನೊಂದಿಷ್ಟು ನೀಲಿ. ನಾನು ರಿಮೋಟ್ ಹುಡುಕಿದೆ. ಅತ್ತೆ ಅದನ್ನು ಮಡಿಲಲ್ಲಿ ಇಟ್ಟುಕೊಂಡಿದ್ದರು.

"ಎಂತ ಮಾಡ್ತೀ? ಚಂದ ಉಂಟು, ಸುಮ್ನೆ ಕೂತ್ಕೋ."

ಕ್ಯಾಮೆರಾ ಬದಲಾಯಿತು, ಹಿಮ್ಮೇಳದ ಶಾಟ್ ಬಂತು. ಮುಂಡಾಸಿನ ಕೆಂಪು ಮೊದಲಿನದೇ ಕೆಂಪು. ಯಾರೂ ಏನೂ ಹೇಳಲಿಲ್ಲ.